ಸ್ಕ್ಯಾನ್ ಮಾಡಿದ್ರೆ ಗಿರಾಕಿಗೆ ಏನ್ ಸಿಗುತ್ತೆ?

2022ರ ಕನ್ನಡ ರಾಜ್ಯೋತ್ಸವದ ದಿನ ಬೆಂಗಳೂರಿನ ‘ನಮ್ಮ ಮೆಟ್ರೊ’ದಲ್ಲಿ ಮೊಬೈಲ್ ಕ್ಯೂಆರ್ ಟಿಕೆಟ್ ಶುರುವಾಯಿತು. ಆಗ ನೇರಳೆ ಮಾರ್ಗದ ಪೂರ್ವ ತುದಿ ಬೈಯಪ್ಪನಹಳ್ಳಿ. ವೈಟ್‌ಫೀಲ್ಡ್, ಕೆ.ಆರ್. ಪುರ, ಟಿನ್ ಫ್ಯಾಕ್ಟರಿ ಕಡೆಯವರು ಮೆಟ್ರೊ ಹತ್ತಬೇಕೆಂದರೆ ಬಸ್ಸಿನಲ್ಲೋ ಆಟೊದಲ್ಲೋ ಇಲ್ಲಿಗೇ ಬರಬೇಕಿತ್ತು. ಬೆಳಗಿನ ಹೊತ್ತು ಟೋಕನ್ ಕೌಂಟರಿನ ಮುಂದೆ ಸಾಲು, ಗಾಜಿನ ಆಚೆಯಿಂದ ‘ಚಿಲ್ಲರೆ ಕೊಡಿ’ ಎಂಬ ಒತ್ತಾಯ, ಕಣ್ಣೆದುರೇ ಹೊರಟುಹೋಗುವ ರೈಲು. ಇದಕ್ಕೆ ಮೆಟ್ರೊ ನಿಗಮ ಹುಡುಕಿದ ಉಪಾಯ ವಾಟ್ಸ್‌ಆ್ಯಪ್. ನಿಗಮದ ನಂಬರಿಗೆ ‘ಹಾಯ್’ ಎಂದು ಕಳಿಸಿ, ಕನ್ನಡವೋ ಇಂಗ್ಲಿಷೋ ಆರಿಸಿಕೊಂಡು, ಹತ್ತುವ, ಇಳಿಯುವ ನಿಲ್ದಾಣಗಳನ್ನು ತಿಳಿಸಿ ಹಣ ಕಟ್ಟಿದರೆ ಟಿಕೆಟ್ ಫೋನಿನಲ್ಲೇ ಮೂಡುತ್ತಿತ್ತು. ಟೋಕನ್‌ಗಿಂತ ಶೇ 5ರಷ್ಟು ಅಗ್ಗ ಬೇರೆ. ಅಲ್ಲಿಯವರೆಗೆ ಸ್ಮಾರ್ಟ್ ಕಾರ್ಡ್ ಇದ್ದವರಿಗಷ್ಟೇ ಇದ್ದ ರಿಯಾಯಿತಿ ಅದು.

ವಾಟ್ಸ್‌ಆ್ಯಪ್ ಒಳಗೇ ಟಿಕೆಟ್ ಕೊಂಡು ಅಲ್ಲೇ ಹಣ ಕಟ್ಟುವ ವ್ಯವಸ್ಥೆ ಜಗತ್ತಿನ ಸಾರಿಗೆ ಸಂಸ್ಥೆಗಳಲ್ಲೇ ಮೊದಲನೆಯದು ಎಂದು ಆಗ ಹೇಳಿಕೊಂಡರು. ಇರಬಹುದು. ಪ್ರಯಾಣಿಕರಿಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ಸಾಲು ತಪ್ಪಿತು, ಚಿಲ್ಲರೆ ಜಗಳ ತಪ್ಪಿತು, ಒಂದೆರಡು ರೂಪಾಯಿ ಉಳಿಯಿತು. ಹೊಸ ಆ್ಯಪ್ ಹಾಕಿಕೊಳ್ಳಿ ಎಂದು ಯಾರೂ ಪೀಡಿಸಲಿಲ್ಲ. ಎಲ್ಲರ ಫೋನಿನಲ್ಲೂ ಮೊದಲೇ ಇದ್ದ ಆ್ಯಪ್ ಅದು. ಮುಂದಿನ ವರ್ಷದ ನವೆಂಬರ್‌ನಲ್ಲಿ ಆರು ಜನರವರೆಗೆ ಒಂದೇ ಟಿಕೆಟ್ ತೆಗೆಯುವ ಅನುಕೂಲವೂ ಬಂತು. ಮದುವೆಗೋ ಸಂತೆಗೋ ಹೊರಟ ಕುಟುಂಬ ಆರು ಟೋಕನ್ ಕೈಯಲ್ಲಿ ಹಿಡಿದು ಎಣಿಸುವ ಗೋಜು ಅಲ್ಲಿಗೆ ಮುಗಿಯಿತು. 2025ರಲ್ಲಿ ನಮ್ಮ ಯಾತ್ರಿ, ರ‍್ಯಾಪಿಡೊ, ರೆಡ್‌ಬಸ್‌ನಂಥ ಆ್ಯಪ್‌ಗಳಲ್ಲೂ ಮೆಟ್ರೊ ಟಿಕೆಟ್ ಸಿಗತೊಡಗಿತು. ಜನ ಎಲ್ಲಿದ್ದಾರೋ ಅಲ್ಲಿಗೆ ಟಿಕೆಟ್ಟೇ ಹೋಯಿತು.

ಈಗ ಅದೇ ಬೈಯಪ್ಪನಹಳ್ಳಿ ನಿಲ್ದಾಣದಿಂದ ಹಳೆ ಮದ್ರಾಸ್ ರಸ್ತೆಗೆ ಇಳಿದು ನೋಡಿ. ಕ್ಯೂಆರ್ ಕೋಡ್ ಇಲ್ಲದ ಜಾಗವೇ ಇಲ್ಲ. ಟೀ ಅಂಗಡಿಯ ಗಾಜಿಗೆ ಮೂರು, ಮೊಬೈಲ್ ರೀಚಾರ್ಜ್ ಅಂಗಡಿಯ ಬಾಗಿಲಿಗೆ ಐದು, ಪೀಜಿ ಜಾಹೀರಾತಿನ ಕೆಳಗೆ ಒಂದು, ಕೋಚಿಂಗ್ ಸೆಂಟರಿನ ಫ್ಲೆಕ್ಸ್ ಮೇಲೆ ಒಂದು, ಕಂಬಕ್ಕೆ ಅಂಟಿಸಿದ ಕರಪತ್ರದಲ್ಲಿ ಇನ್ನೊಂದು. ಹಣ ಕಟ್ಟುವ ಕೋಡ್ ಬಿಟ್ಟರೆ ಉಳಿದವುಗಳ ಮುಂದೆ ಫೋನ್ ಎತ್ತಿ ಹಿಡಿಯುವವರು ಅಪರೂಪ. ಕಾರಣ ತಂತ್ರಜ್ಞಾನದಲ್ಲಿ ಇಲ್ಲ. ಹಣದ ಕೋಡ್‌ನಿಂದ ಗಿರಾಕಿಯ ಕೆಲಸ ಆಗುತ್ತದೆ, ಉಳಿದ ಕೋಡ್‌ಗಳಿಂದ ಅಂಗಡಿಯವನ ಕೆಲಸ ಮಾತ್ರ ಆಗುತ್ತದೆ. ‘ಸ್ಕ್ಯಾನ್ ಮಿ’ ಎಂದು ಬರೆದಿರುತ್ತಾರೆ. ಯಾಕೆ ಮಾಡಬೇಕು ಎಂದು ಮಾತ್ರ ಎಲ್ಲೂ ಬರೆದಿರುವುದಿಲ್ಲ.

ಹಣದ ಕೋಡ್ ಗೆದ್ದ ಬಗೆಯನ್ನೂ ನೋಡಬೇಕು. ಯುಪಿಐ 2016ರಲ್ಲಿ ಬಂತು. ಅದೇ ವರ್ಷದ ನವೆಂಬರ್ 8ರ ನೋಟು ರದ್ದತಿ ಜನರನ್ನು ಅತ್ತ ನೂಕಿತು. ಮೊದಮೊದಲು ಒಂದೊಂದು ಕಂಪನಿಗೂ ಅದರದೇ ಕೋಡ್. ಈ ಆ್ಯಪ್‌ನಲ್ಲಿ ಆ ಕೋಡ್ ಓದದು, ಆ ಆ್ಯಪ್‌ನಲ್ಲಿ ಇದು ಓದದು. 2020ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ಕಡಿವಾಣ ಹಾಕಿ, 2022ರ ಮಾರ್ಚ್ 31ರೊಳಗೆ ಎಲ್ಲರೂ ಎಲ್ಲ ಆ್ಯಪ್‌ಗಳೂ ಓದುವಂಥ ಕೋಡ್‌ಗೆ ಬದಲಾಗಬೇಕು ಎಂದು ಗಡುವು ಕೊಟ್ಟಿತು. 2020ರ ಜನವರಿಯಿಂದಲೇ ಯುಪಿಐ ಪಾವತಿಗೆ ವರ್ತಕನಿಂದ ಶುಲ್ಕ ಹಿಡಿಯುವುದು ನಿಂತಿತ್ತು. ಹತ್ತು ರೂಪಾಯಿಯ ಟೀಗೂ ಅಂಗಡಿಯವನು ಮುಖ ಗಂಟಿಕ್ಕದೆ ಕೋಡ್ ತೋರಿಸುವುದು ಈ ಕಾರಣದಿಂದ.

ಆದರೂ ಒಂದು ತೊಡಕು ಉಳಿದಿತ್ತು. ದೋಸೆ ಕಾವಲಿಯ ಮುಂದೆ ನಿಂತವನ ಎರಡೂ ಕೈಗೆ ಹಿಟ್ಟು, ಎಣ್ಣೆ. ಹಣ ಬಂತೋ ಇಲ್ಲವೋ ಎಂದು ಫೋನ್ ನೋಡುವುದು ಹೇಗೆ? “ಅಣ್ಣಾ, ನಲವತ್ತು ಹಾಕಿದೀನಿ, ಬಂತಾ?” “ತೋರ್ಸಿ ಸಾರ್ ಒಂದ್ಸಲ.” ಈ ಸಂಭಾಷಣೆಯನ್ನು ಅಡಗಿಸಿದ್ದು ಸೌಂಡ್‌ಬಾಕ್ಸ್. ಬಂದ ಮೊತ್ತವನ್ನು ಅದು ಕನ್ನಡದಲ್ಲಿ ಕೂಗಿ ಹೇಳತೊಡಗಿದ ಮೇಲೆ ಗಿರಾಕಿಗೂ ನಿರಾಳ, ಅಂಗಡಿಯವನಿಗೂ ನಿರಾಳ. 2024ರಲ್ಲಿ ಬೆಂಗಳೂರಿನದೇ ಕಂಪನಿ ಫೋನ್‌ಪೇ ತನ್ನ ಪೆಟ್ಟಿಗೆಗೆ ನಟ ಕಿಚ್ಚ ಸುದೀಪ್ ಅವರ ದನಿಯನ್ನೂ ಕೂಡಿಸಿತು. ಟೀ ಕುಡಿಯಲು ಬಂದ ಕಾಲೇಜು ಹುಡುಗರು ಆ ದನಿ ಕೇಳಿ ನಗುತ್ತಾ ಹೋಗುತ್ತಾರೆ. ಗಿರಾಕಿಯನ್ನು ಸೆಳೆಯುವುದು ಎಂದು ಮಾರುಕಟ್ಟೆ ಪಂಡಿತರು ದೊಡ್ಡ ಭಾಷಣ ಮಾಡುತ್ತಾರಲ್ಲ, ಆ ನಗುವಿನಷ್ಟನ್ನು ಅವರ ಎಷ್ಟೋ ಯೋಜನೆಗಳು ಗಳಿಸುವುದಿಲ್ಲ.

ಕುತೂಹಲ ಕೆರಳಿಸಿಯೇ ಜನರಿಂದ ಫೋನ್ ಎತ್ತಿಸಬಹುದು ಎಂಬುದಕ್ಕೂ ಇದೇ ಊರಿನ ಉದಾಹರಣೆಯಿದೆ. ಮೆಟ್ರೊ ಟಿಕೆಟ್ ಬರುವ ಸುಮಾರು ಆರು ವಾರ ಮುಂಚೆ, 2022ರ ಸೆಪ್ಟೆಂಬರ್‌ನಲ್ಲಿ, ನಗರದ ಗೋಡೆಗಳ ಮೇಲೆ ‘ಪೇಸಿಎಂ’ ಪೋಸ್ಟರ್‌ಗಳು ಕಾಣಿಸಿಕೊಂಡವು. ಪಾವತಿ ಆ್ಯಪ್‌ನ ಜಾಹೀರಾತಿನ ಅಣಕ ಅದು. ಕ್ಯೂಆರ್ ಚೌಕದ ನಡುವೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖ. ಸ್ಕ್ಯಾನ್ ಮಾಡಿದರೆ ಅವರ ಸರ್ಕಾರದ ಮೇಲಿದ್ದ ಶೇ 40 ಕಮಿಷನ್ ಆರೋಪದ ಬಗ್ಗೆ ಕಾಂಗ್ರೆಸ್ ತೆರೆದಿದ್ದ ಜಾಲತಾಣಕ್ಕೆ ಹೋಗುತ್ತಿತ್ತು. ಸರ್ಕಾರ ಆರೋಪವನ್ನು ತಳ್ಳಿಹಾಕಿತು, ಪೊಲೀಸರು ಪ್ರಕರಣ ದಾಖಲಿಸಿದರು. ರಾಜಕೀಯದ ಸರಿತಪ್ಪು ಇಲ್ಲಿನ ವಿಷಯವಲ್ಲ. ಕೋಡ್ ಬಳಸಿದ ಜಾಣತನವನ್ನಷ್ಟೇ ನೋಡಿದರೆ, ದಾರಿಹೋಕನಿಗೆ ಒಂದೇ ನೋಟಕ್ಕೆ ವಿಷಯ ಗೊತ್ತಾಗುತ್ತಿತ್ತು, ಕೋಡ್ ಏನನ್ನು ಸೂಚಿಸಿತ್ತೋ ಒಳಗೂ ಅದೇ ಇತ್ತು. ಆದರೆ ಕುತೂಹಲದ ಆಯಸ್ಸು ಕಡಿಮೆ. ಒಮ್ಮೆ ನೋಡಿದವನು ಮತ್ತೆ ನೋಡುವುದಿಲ್ಲ. ದಿನನಿತ್ಯದ ವ್ಯಾಪಾರಕ್ಕೆ ಈ ದಾರಿ ಸಾಲದು.

ಕೋಡ್‌ನ ಹುಟ್ಟನ್ನು ನೆನೆದರೆ ಅದಕ್ಕೆ ಗಿರಾಕಿಯ ಸಂಬಂಧವೇ ಇರಲಿಲ್ಲ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯ ಮಸಾಹಿರೊ ಹಾರಾ ಮತ್ತು ಸಂಗಡಿಗರು ಇದನ್ನು ಮಾಡಿದ್ದು ಕಾರು ಬಿಡಿಭಾಗಗಳ ಡಬ್ಬಗಳಿಗಾಗಿ. ಹಳೆ ಬಾರ್‌ಕೋಡ್‌ನಲ್ಲಿ ಹಿಡಿಸುತ್ತಿದ್ದುದು ಇಪ್ಪತ್ತು ಚಿಲ್ಲರೆ ಅಕ್ಷರ. ಹಾಗಾಗಿ ಒಂದೊಂದು ಡಬ್ಬಕ್ಕೂ ಹಲವು ಬಾರ್‌ಕೋಡ್ ಅಂಟಿಸಿ, ಒಂದೊಂದನ್ನೂ ಓದಿಸಿ ಕೆಲಸಗಾರರು ಬೇಸತ್ತಿದ್ದರು. ಹೊಸ ಕೋಡ್ ಯಾವ ದಿಕ್ಕಿನಿಂದ ಹಿಡಿದರೂ ಓದಬೇಕಿತ್ತು. ಅದಕ್ಕಾಗಿ ಮೂರು ಮೂಲೆಯಲ್ಲಿ ದೊಡ್ಡ ಚೌಕಗಳನ್ನಿಟ್ಟರು. ಆ ಚೌಕದ ಕಪ್ಪು ಬಿಳುಪಿನ ಅಳತೆ ಬೇರೆ ಅಚ್ಚಿನೊಂದಿಗೆ ಗೊಂದಲವಾಗಬಾರದೆಂದು ಕರಪತ್ರ, ಪತ್ರಿಕೆ, ರಟ್ಟಿನ ಪೆಟ್ಟಿಗೆಗಳ ಮೇಲಿನ ಮುದ್ರಣವನ್ನೆಲ್ಲ ತಡಕಾಡಿ, ಎಲ್ಲಕ್ಕಿಂತ ಅಪರೂಪದ ಅನುಪಾತವನ್ನು ಆರಿಸಿದರು: 1:1:3:1:1. ಪೇಟೆಂಟ್ ಇದ್ದರೂ ಕಂಪನಿ ಅದರ ಹಕ್ಕನ್ನು ಚಲಾಯಿಸಲಿಲ್ಲ. ಯಾರು ಬೇಕಾದರೂ ಬಳಸಬಹುದಾಯಿತು, ಬಳಸಿದರು.

ಈ ರಚನೆಯನ್ನು ಸ್ವಲ್ಪ ತಿಳಿದರೆ ಅಂಗಡಿಯವನ ಅರ್ಧ ತೊಂದರೆ ಬಗೆಹರಿಯುತ್ತದೆ. ಅತಿ ಚಿಕ್ಕ ಕೋಡ್‌ನಲ್ಲಿ ಅಡ್ಡಕ್ಕೂ ಉದ್ದಕ್ಕೂ 21 ಮನೆಗಳು. ಅತಿ ದೊಡ್ಡದರಲ್ಲಿ 177. ಒಳಗೆ ತುಂಬುವ ವಿಳಾಸ ಉದ್ದವಾದಷ್ಟೂ ಮನೆಗಳು ಹೆಚ್ಚಿ, ಒಂದೊಂದೂ ಸಣ್ಣದಾಗಿ, ಕಡಿಮೆ ಬೆಲೆಯ ಫೋನಿನ ಕ್ಯಾಮೆರಾ ತಡವರಿಸುತ್ತದೆ. ಹಾಗಾಗಿ ಜಾಲತಾಣದ ವಿಳಾಸ ಚಿಕ್ಕದಿರಲಿ. ಕೋಡ್‌ನ ಒಂದು ಭಾಗ ಹರಿದರೂ ಮಾಸಿದರೂ ಓದುವಂತೆ ಅದರಲ್ಲೇ ದುರಸ್ತಿಯ ಏರ್ಪಾಡಿದೆ. ಅದರ ನಾಲ್ಕು ಮಟ್ಟಗಳಲ್ಲಿ ಕೆಳಗಿನದು ಶೇ 7ರಷ್ಟು ನಷ್ಟವನ್ನೂ ಮೇಲಿನದು ಶೇ 30ರಷ್ಟನ್ನೂ ತಾಳಿಕೊಳ್ಳುತ್ತದೆ. ನಡುವೆ ಅಂಗಡಿಯ ಗುರುತು ಕೂರಿಸಬೇಕೆಂದರೆ ಮೇಲಿನ ಮಟ್ಟವೇ ಬೇಕು. ಸುತ್ತ ನಾಲ್ಕು ಮನೆಗಳಷ್ಟು ಖಾಲಿ ಬಿಳಿ ಅಂಚು ಬಿಡಬೇಕು. ನಮ್ಮ ಫ್ಲೆಕ್ಸ್ ವಿನ್ಯಾಸಕಾರರು ಮೊದಲು ನುಂಗುವುದು ಈ ಅಂಚನ್ನೇ. ಅಲ್ಲಿ ಒಂದು ಹೂವನ್ನೋ ಬಂಗಾರದ ಚೌಕಟ್ಟನ್ನೋ ತುರುಕದಿದ್ದರೆ ಅವರಿಗೆ ಸಮಾಧಾನವಿಲ್ಲ.

ಅಳತೆಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ಹತ್ತಕ್ಕೆ ಒಂದು. ಮೂರು ಅಡಿ ದೂರದಿಂದ ಓದಬೇಕಾದರೆ ಕೋಡ್ ಮೂರೂವರೆ ಇಂಚಿನಷ್ಟಾದರೂ ಅಗಲವಿರಲಿ. ರಸ್ತೆಯ ಆಚೆಯಿಂದ ಕಾಣುವ ಬೋರ್ಡಿನ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಕೋಡ್ ಹಾಕಿದರೆ ಅದು ಅಲಂಕಾರ ಮಾತ್ರ. ಹೊಳೆಯುವ ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟ್ ಬಿದ್ದರೆ ಕ್ಯಾಮೆರಾಗೆ ಬೆಳಕೊಂದೇ ಕಾಣುತ್ತದೆ. ನೆಲಮಾಳಿಗೆಯ ಬಟ್ಟೆ ಅಂಗಡಿಯಲ್ಲಿ ಸಿಗ್ನಲ್ ಸಿಗದಿದ್ದರೆ ಕೋಡ್ ಎಷ್ಟೇ ಚೆನ್ನಾಗಿದ್ದರೂ ದಂಡ. ಓಡುವ ಬಸ್ಸಿನ ಹಿಂಬದಿಯ ಕೋಡ್ ಬಗ್ಗೆ ಹೇಳುವುದೇ ಬೇಡ. ಸಿಲ್ಕ್ ಬೋರ್ಡ್‌ನ ಟ್ರಾಫಿಕ್ಕಿನಲ್ಲಿ ನಿಂತಾಗ ಓದಬಹುದೇನೋ.

ಅಳತೆಗಿಂತ ಮುಖ್ಯವಾದದ್ದು ಗಿರಾಕಿ ನಿಲ್ಲುವ ಜಾಗ. ದರ್ಶಿನಿಯ ಗಲ್ಲಾದ ಮುಂದೆ ಹಿಂದಿನವರು ತಳ್ಳುತ್ತಿರುತ್ತಾರೆ. ಅಲ್ಲಿ ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂಬ ಕೋಡ್ ಇಟ್ಟರೆ ಯಾರು ನೋಡುತ್ತಾರೆ? ಅದೇ ಮನುಷ್ಯ ಬಿಲ್ ಹಿಡಿದು ದೋಸೆಗಾಗಿ ಐದು ನಿಮಿಷ ಸುಮ್ಮನೆ ನಿಂತಿರುತ್ತಾನೆ. ಕಣ್ಣಿಗೂ ಕೈಗೂ ಕೆಲಸವಿಲ್ಲದ ಹೊತ್ತು ಅದು. ಕ್ಷೌರದಂಗಡಿಯ ಬೆಂಚು, ಗ್ಯಾರೇಜಿನ ಸ್ಟೂಲು, ಕ್ಲಿನಿಕ್ಕಿನ ಕುರ್ಚಿ, ಇಸ್ತ್ರಿ ಅಂಗಡಿಯ ಕಟ್ಟೆ ಎಲ್ಲ ಇದೇ ಬಗೆಯವು. ಕಾಯುವ ಜಾಗದಲ್ಲಿ ಕೋಡ್ ಇಡಿ, ಅವಸರದ ಜಾಗದಲ್ಲಿ ಹಣದ ಕೋಡ್ ಬಿಟ್ಟು ಮಿಕ್ಕಿದ್ದನ್ನೆಲ್ಲ ಕಿತ್ತುಹಾಕಿ.

ಬೈಯಪ್ಪನಹಳ್ಳಿಗೇ ಒಪ್ಪುವ ಒಂದು ಕೋಡ್ ನನಗೆ ಹೊಳೆಯುತ್ತದೆ. 2022ರ ಜೂನ್ 6ರಂದು ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ರೈಲು ಓಡಾಟ ಶುರುವಾಯಿತು. ಏಳು ಪ್ಲಾಟ್‌ಫಾರ್ಮ್, ಪೂರ್ತಿ ಹವಾನಿಯಂತ್ರಿತ ಕಟ್ಟಡ, ದೂರದೂರಿನ ರೈಲುಗಳು. ಊರೆಲ್ಲ ಅದನ್ನು ‘ಬೈಯಪ್ಪನಹಳ್ಳಿ ಟರ್ಮಿನಲ್’ ಎಂದೇ ಕರೆಯುತ್ತದೆ. ಮೆಟ್ರೊ ನಿಲ್ದಾಣದ ಪಕ್ಕದಲ್ಲಿರುವುದು ಬೈಯಪ್ಪನಹಳ್ಳಿಯ ಹಳೆ ರೈಲು ನಿಲ್ದಾಣ; ಟರ್ಮಿನಲ್ ಇರುವುದು ಅಲ್ಲಿಂದ ದೂರದಲ್ಲಿ. ಪೆಟ್ಟಿಗೆ, ಮಕ್ಕಳನ್ನು ಕಟ್ಟಿಕೊಂಡು ಮೆಟ್ರೊ ಇಳಿದವರಿಗೆ ಇದು ಗೊತ್ತಾಗುವುದು ಇಳಿದ ಮೇಲೆ. ಆಗ ಅವರು ಕೇಳುವುದು ಮೆಟ್ಟಿಲ ಬುಡದ ಅಂಗಡಿಯವರನ್ನೇ. “ಟರ್ಮಿನಲ್‌ಗೆ ಹೇಗೆ ಹೋಗೋದಣ್ಣ?” ದಿನಕ್ಕೆ ಎಷ್ಟು ಸಲ ಉತ್ತರ ಹೇಳಬೇಕೋ ಪಾಪ. ಆ ಅಂಗಡಿಯವನು ಒಂದು ಹಾಳೆಯಲ್ಲಿ ‘ಟರ್ಮಿನಲ್‌ಗೆ ದಾರಿ ಇಲ್ಲಿ ನೋಡಿ’ ಎಂದು ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಬರೆದು, ನಕ್ಷೆ ತೆರೆಯುವ ಕೋಡ್ ಅಂಟಿಸಿ, ಕೆಳಗೆ ‘ನೀರು, ಬಿಸ್ಕತ್ತು, ಚಿಪ್ಸ್ ಸಿಗುತ್ತದೆ’ ಎಂದು ಸೇರಿಸಿದರೆ ಖರ್ಚು ಹತ್ತಿಪ್ಪತ್ತು ರೂಪಾಯಿ. ರೈಲಿಗೆ ಹೊರಟವನಿಗೆ ನೀರಿನ ಬಾಟಲಿ ಹೇಗೂ ಬೇಕು. ದಾರಿ ತೋರಿಸಿದವನ ಬಳಿಯೇ ಕೊಳ್ಳುತ್ತಾನೆ.

ಸಣ್ಣ ವ್ಯಾಪಾರಕ್ಕೆ ವಾಟ್ಸ್‌ಆ್ಯಪ್ ಕೋಡ್ ಕೂಡ ಹೀಗೇ ಉಪಯುಕ್ತ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಅದನ್ನು ಪುಕ್ಕಟೆಯಾಗಿ ಮಾಡಿಕೊಳ್ಳಬಹುದು. ಸ್ಕ್ಯಾನ್ ಮಾಡಿದರೆ ಅಂಗಡಿಯ ಚಾಟ್ ತೆರೆಯುತ್ತದೆ, ‘20 ಲೀಟರ್ ಕ್ಯಾನ್ ಒಂದು ಕಳಿಸಿ’ ಎಂಬ ಸಾಲು ಮೊದಲೇ ಟೈಪಾಗಿರುವಂತೆಯೂ ಮಾಡಬಹುದು. ನೀರಿನ ಕ್ಯಾನಿನ ಮೇಲೇ ಈ ಸ್ಟಿಕ್ಕರ್ ಇದ್ದರೆ, ಖಾಲಿಯಾದ ಕ್ಷಣ ಮನೆಯವರ ಕೈಯಲ್ಲೇ ಆರ್ಡರ್. ಗ್ಯಾಸ್ ಒಲೆ ರಿಪೇರಿಯವನು ಒಲೆಯ ಕೆಳಗೆ, ಆರ್‌ಒ ಸರ್ವಿಸಿನವನು ಯಂತ್ರದ ಬದಿಗೆ ಅಂಟಿಸಿ ಹೋಗುವ ಚೀಟಿಯಲ್ಲಿ ಇದಿದ್ದರೆ ಆರು ತಿಂಗಳ ಮೇಲೂ ಅವನನ್ನೇ ಕರೆಯುತ್ತಾರೆ.

ಕೋಡ್ ತೆರೆದ ಮೇಲೆ ಕಾಣುವುದರಲ್ಲಿ ನಮ್ಮವರು ಎಡವುವುದು ಜಾಸ್ತಿ. ಇಂದಿರಾನಗರದ ನೂರಡಿ ರಸ್ತೆಯ ಸುತ್ತಿನ ಹೋಟೆಲುಗಳಲ್ಲಿ ಕೋವಿಡ್ ಕಾಲಕ್ಕೆ ಮೇಜಿನ ಮೇಲೆ ಬಂದ ಮೆನು ಕೋಡ್ ಕೆಲವೆಡೆ ಹಾಗೇ ಉಳಿದಿದೆ. ಸೋಂಕಿನ ಭಯ ಹೋಯಿತು, ಅಚ್ಚಿನ ಮೆನು ಮಾತ್ರ ಮರಳಲಿಲ್ಲ. ಅಜ್ಜಿ ತಾತ ಕನ್ನಡಕ ಏರಿಸಿ ಆ ಸಣ್ಣ ಅಕ್ಷರವನ್ನು ಹಿಗ್ಗಿಸುತ್ತಾ ಕುಗ್ಗಿಸುತ್ತಾ ಕೂರುತ್ತಾರೆ. ಇನ್ನು ಕೆಲವೆಡೆ ಮೆನು ತೋರಿಸುವ ಮುಂಚೆ ಫೋನ್ ನಂಬರ್ ಕೇಳುತ್ತಾರೆ. ಇಡ್ಲಿಯ ಬೆಲೆ ತಿಳಿಯಲು ನಂಬರ್ ಯಾಕೆ ಬೇಕು? ಮಾರಾಟಕ್ಕೆ ಮೊಬೈಲ್ ನಂಬರ್ ಕಡ್ಡಾಯ ಮಾಡಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಯವರಿಗೆ ಸೂಚಿಸಿದೆ. ಅದೇ ವರ್ಷ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾಯ್ದೆಯೂ ಬಂದಿದೆ. ಕಾನೂನಿನ ಮಾತು ಬಿಟ್ಟರೂ, ಹೀಗೆ ಕಸಿದ ನಂಬರಿಗೆ ಹೋಗುವ ಹಬ್ಬದ ಆಫರ್ ಸಂದೇಶವನ್ನು ಯಾರೂ ಓದುವುದಿಲ್ಲ.

ಭಾಷೆಯ ವಿಷಯದಲ್ಲಂತೂ ವಿಚಿತ್ರ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆ ತಿದ್ದುಪಡಿಯಾಗಿ, ಬೋರ್ಡುಗಳೇನೋ ಬದಲಾದವು. ಅದೇ ಬೋರ್ಡಿನ ಕೆಳಗಿನ ಕೋಡ್ ಸ್ಕ್ಯಾನ್ ಮಾಡಿದರೆ ಒಳಗೆ ಹುಡುಕಿದರೂ ಒಂದು ಕನ್ನಡ ಅಕ್ಷರ ಇರುವುದಿಲ್ಲ. ಮೆಟ್ರೊದ ವಾಟ್ಸ್‌ಆ್ಯಪ್ ಮೊದಲ ದಿನದಿಂದಲೇ ಕನ್ನಡದಲ್ಲಿ ಮಾತಾಡಿತು, ಸೌಂಡ್‌ಬಾಕ್ಸ್ ಕನ್ನಡದಲ್ಲಿ ಕೂಗಿತು. ಜನ ಕೈಹಿಡಿದ ಎರಡಕ್ಕೂ ಕನ್ನಡ ಬರುತ್ತಿತ್ತು ಎಂಬುದನ್ನು ವ್ಯಾಪಾರಸ್ಥರು ಗಮನಿಸಬೇಕು.

ಇನ್ನೊಂದು ಗುಂಡಿಯೂ ಇದೆ. ಪುಕ್ಕಟೆ ಕೋಡ್ ಮಾಡಿಕೊಡುವ ಎಷ್ಟೋ ತಾಣಗಳು ನಿಮ್ಮ ವಿಳಾಸದ ಬದಲು ತಮ್ಮದನ್ನು ಒಳಗಿಟ್ಟು, ಅಲ್ಲಿಂದ ನಿಮ್ಮಲ್ಲಿಗೆ ದಾಟಿಸುತ್ತವೆ. ಇದರಿಂದ ಎಷ್ಟು ಜನ ನೋಡಿದರೆಂಬ ಲೆಕ್ಕ ಸಿಗುತ್ತದೆ, ಒಳಗಿನ ವಿಳಾಸವನ್ನು ಆಮೇಲೆ ಬದಲಿಸಲೂಬಹುದು. ಆದರೆ ಪುಕ್ಕಟೆ ಅವಧಿ ಮುಗಿದ ದಿನ ಕೋಡ್ ಸತ್ತಿರುತ್ತದೆ, ಐದು ಸಾವಿರ ಕರಪತ್ರ ಅಚ್ಚಾಗಿ ಊರೆಲ್ಲ ಹಂಚಿ ಆಗಿರುತ್ತದೆ. ಅಚ್ಚಿಗೆ ಕೊಡುವ ಮುನ್ನ ಈ ಷರತ್ತನ್ನು ಓದಿಕೊಳ್ಳಿ.

ಗಿರಾಕಿಯ ನಂಬಿಕೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅಂಗಡಿಯವನ ನಂಬಿಕೆಯೂ ಮುರಿಯಬಲ್ಲದು ಎಂದು 2025ರ ಜುಲೈನಲ್ಲಿ ಬೆಂಗಳೂರು ಕಂಡಿತು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವರ್ತಕರಿಗೆ ನೋಟಿಸ್ ಕಳಿಸಿತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆಯಾದರೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹಾಲು, ತರಕಾರಿ, ಹಣ್ಣು ಮಾರುವವರೂ ಗಾಬರಿಯಾದರು. ಅವರು ಮಾರುವುದಕ್ಕೆ ತೆರಿಗೆಯೇ ಇಲ್ಲ, ಆದರೆ ಕೋಡ್‌ನಲ್ಲಿ ಬರುವುದು ಹಣದ ಮೊತ್ತ ಮಾತ್ರ, ಏನು ಮಾರಿದರೆಂಬುದು ಅದರಲ್ಲಿ ಇರುವುದಿಲ್ಲ. ಅಂಗಡಿಗಳ ಗೋಡೆಯಿಂದ ಕೋಡ್‌ಗಳು ರಾತ್ರೋರಾತ್ರಿ ಇಳಿದವು. ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಚೀಟಿಗಳು ಏರಿದವು. ಜುಲೈ 25ಕ್ಕೆ ಬಂದ್ ಕರೆ ಬಂತು. ಅದಕ್ಕೆ ಎರಡು ದಿನ ಮುಂಚೆ ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರ ಸಭೆ ಕರೆದು, ಹಳೆ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದರು. ಒಂಬತ್ತು ವರ್ಷ ಬೆಳೆದ ಅಭ್ಯಾಸ ಕೆಲವೇ ದಿನಗಳಲ್ಲಿ ಅಲುಗಾಡಿತ್ತು. ತೆರಿಗೆ ತಪ್ಪಿಸುವುದು ಸರಿಯಲ್ಲ, ನಿಜ. ನೋಟಿಸಿಗೆ ಮುಂಚೆ ಬೀದಿಬೀದಿಗೆ ಬಂದು ನಿಯಮ ತಿಳಿಸಿದ್ದರೆ ಈ ಗದ್ದಲ ಇರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಮೋಸದ ಭಯ ಬೇರೆ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ಕಳ್ಳರು ರಾತ್ರಿ ಬಂದು ಅಂಗಡಿ, ಪೆಟ್ರೋಲ್ ಬಂಕ್‌ಗಳ ಕೋಡ್‌ಗಳ ಮೇಲೆ ತಮ್ಮ ಕೋಡ್ ಅಂಟಿಸಿ ಹೋಗಿದ್ದರು. ಗಿರಾಕಿಗಳು ಕೊಟ್ಟ ಹಣ ಬೇರೆಯವರ ಖಾತೆಗೆ ಹೋಯಿತು. ಕೋಡ್ ಒಳಗಿನದನ್ನು ಮನುಷ್ಯನ ಕಣ್ಣು ಓದಲಾರದು, ಮೋಸಕ್ಕೆ ಇದೇ ಆಸರೆ. ಹಣ ಕಟ್ಟುವವರು ಪಿನ್ ಒತ್ತುವ ಮುಂಚೆ ತೆರೆಯ ಮೇಲಿನ ಹೆಸರನ್ನು ಜೋರಾಗಿ ಓದಿ, ಅಂಗಡಿಯವರನ್ನೇ ಕೇಳಿ. ಅಂಗಡಿಯವರು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ತಮ್ಮ ಕೋಡ್‌ಗೆ ಒಂದು ರೂಪಾಯಿ ಹಾಕಿ ನೋಡಲಿ. ಸೌಂಡ್‌ಬಾಕ್ಸ್ ಕೂಗದಿದ್ದರೆ ಏನೋ ಎಡವಟ್ಟಾಗಿದೆ. ಹಣ ಪಡೆಯಲು ಯಾರೂ ಕೋಡ್ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ. ಹಳೆ ಸೋಫಾ ಆನ್‌ಲೈನ್‌ನಲ್ಲಿ ಮಾರಲು ಹೊರಟವರು ಇದನ್ನು ಮರೆತೇ ಹಣ ಕಳೆದುಕೊಳ್ಳುವುದು.

ಕೋಡ್ ಸರಿಯಾಗಿ ಬಳಕೆಯಾದ ಇನ್ನೊಂದು ಕಡೆ ಔಷಧಿ. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಔಷಧಿ ಬ್ರ್ಯಾಂಡ್‌ಗಳ ಪೊಟ್ಟಣದ ಮೇಲೆ ಕ್ಯೂಆರ್ ಅಥವಾ ಬಾರ್‌ಕೋಡ್ ಕಡ್ಡಾಯ. ಯಾರು ತಯಾರಿಸಿದ್ದು, ಯಾವ ಬ್ಯಾಚ್, ಅವಧಿ ಎಂದಿಗೆ ಮುಗಿಯುತ್ತದೆ ಎಂಬುದೆಲ್ಲ ಅದರಲ್ಲಿರಬೇಕು. ಮಾತ್ರೆ ಅಸಲಿಯೋ ನಕಲಿಯೋ ಎಂಬ ಅನುಮಾನ ಬಂದವನಿಗೆ ಬೇಕಾದ್ದು ಇದೇ. ಇಂಥದ್ದಕ್ಕೆ ಜಾಹೀರಾತಿನ ಹಂಗಿಲ್ಲ.

ಬೀದಿಯ ವ್ಯಾಪಾರಸ್ಥರಿಗೆ ಕೊನೆಯದಾಗಿ ಒಂದು ಕೋರಿಕೆ. ಇವತ್ತು ಅಂಗಡಿ ಮುಚ್ಚುವ ಮುಂಚೆ ಗಲ್ಲಾದ ಆಚೆ ಬನ್ನಿ. ಗಿರಾಕಿ ನಿಲ್ಲುವಲ್ಲಿ ನಿಂತು, ಬೇರೆಯವರ ಫೋನಿನಿಂದ, ಅಂಗಡಿಯ ವೈಫೈ ಇಲ್ಲದೆ, ನೀವು ಅಂಟಿಸಿದ ಒಂದೊಂದು ಕೋಡನ್ನೂ ಸ್ಕ್ಯಾನ್ ಮಾಡಿ. ಯಾವುದು ತೆರೆಯುವುದಿಲ್ಲವೋ, ತೆರೆದರೂ ಯಾವುದರಿಂದ ಗಿರಾಕಿಗೆ ಏನೂ ದಕ್ಕುವುದಿಲ್ಲವೋ ಅದನ್ನು ಅಲ್ಲೇ ಕಿತ್ತುಹಾಕಿ. ಉಳಿದದ್ದರ ಪಕ್ಕ ಅದು ಯಾತಕ್ಕೆಂದು ಕನ್ನಡದಲ್ಲಿ ಒಂದು ಸಾಲು ಬರೆಯಿರಿ.